ಪ್ರಕಾಶ್ ತೋರಿಸಿದ ಕೌಲಾಲಂಪುರ

ಬಾಗಿಲು ತಳ್ಳಿಕೊಂಡು ಒಳಗೆ ಬಂದವರನ್ನು ಗಲ್ಲಾದ ಹಿಂದೆ ಕೂತೇ ತೂಗಿಬಿಡುವುದು ದೇವೇಂದ್ರನ ಅಭ್ಯಾಸ. ಅಮೆರಿಕದ ಮಿಷಿಗನ್ನಿನ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಅವನ ದಿನಸಿ ಅಂಗಡಿ, ಹುಟ್ಟೂರು ಹುಬ್ಬಳ್ಳಿ. ಬಂದವರ ಬೂಟು ನೋಡಿದರೆ ಬಾಸುಮತಿಯ ಗಿರಾಕಿಯೋ ಸೋನಾ ಮಸೂರಿಯ ಗಿರಾಕಿಯೋ ಅವನಿಗೆ ತಿಳಿಯುತ್ತಿತ್ತು. ಆ ತಕ್ಕಡಿಯಲ್ಲಿ ಮೈಸೂರಿನ ಪ್ರಕಾಶ್ ತೂಗಿದ್ದು ಹೀಗೆ: ಉದ್ದ ಜಾಸ್ತಿ, ಅಗಲ ಕಮ್ಮಿ. ಮೈಮೇಲೆ ಔಟ್‌ಲೆಟ್ ಮಾಲ್‌ನ ಕೋಟು, ಅದರ ಅಸ್ತರಿಗೆ ಮನೆಯ ಹೊಲಿಗೆ. ಮಾತು ಸೇರು, ವ್ಯಾಪಾರ ಪಾವು. ಮೊಸರಿನ ಡಬ್ಬಿಯನ್ನು ಸಾಲಿನ ತೀರಾ ಹಿಂದಿನಿಂದ ಎಳೆದು ತಾರೀಖು ಓದುವ ಆಸಾಮಿ. ಗೋಡಂಬಿಯ ಪೊಟ್ಟಣವನ್ನು ಆ ಕಡೆ ಈ ಕಡೆ ತಿರುಗಿಸಿ, ಅಕ್ಷರ ಬಿಡದೆ ಓದಿ, ವಾಪಸ್ಸಿಟ್ಟು, ಕಡಲೆಬೀಜ ಕೊಂಡು ಹೋಗುವವ. ಕಾರಿನ ಕಂಪನಿಯಲ್ಲಿ ಬ್ರೇಕ್ ಎಂಜಿನಿಯರ್. ಹುಟ್ಟುಗುಣವೂ ಅದೇ ಇರಬೇಕು, ಎಲ್ಲದಕ್ಕೂ ಮೊದಲು ಬ್ರೇಕು. ಇವನಿಂದ ಲಾಭವಿಲ್ಲ, ನಷ್ಟವೂ ಇಲ್ಲ; ಕಪಾಟಿನಲ್ಲಿ ಇದ್ದರೆ ಇರಲಿ ಅನ್ನುವಂಥ ಮಾಲು ಎಂದು ದೇವೇಂದ್ರ ಬೆಲೆ ಕಟ್ಟಿದ. ಅವನ ಅಂದಾಜು ತಪ್ಪುವುದು ಅಪರೂಪ. ಇಲ್ಲಿ ತಪ್ಪಿತ್ತು.

ಫೋನಿನಲ್ಲೇ ಎಲ್ಲರೂ ಟಿಕೆಟ್ ಕೊಳ್ಳುವ ಕಾಲ ಆಗಿನ್ನೂ ಬಂದಿರಲಿಲ್ಲ. ಅಂಗಡಿಯ ಹಿಂಬದಿಯಲ್ಲಿ, ಹಪ್ಪಳದ ಕಟ್ಟುಗಳ ಪಕ್ಕ, ದೇವೇಂದ್ರ ವಿಮಾನದ ಟಿಕೆಟ್ಟನ್ನೂ ಮಾರುತ್ತಿದ್ದ. ಒಂದು ಚಳಿಗಾಲ ಪ್ರಕಾಶ್ ಹೆಂಡತಿ ಅನುರಾಧಾಳ ಜೊತೆ ಬಂದು ಕೂತ. ಬೆಂಗಳೂರಿಗೆ ನಾಲ್ಕು ಟಿಕೆಟ್ ಬೇಕು, ದಾರಿಯಲ್ಲಿ ಕೌಲಾಲಂಪುರದಲ್ಲಿ ಎರಡು ದಿನ ಇಳಿಯಬೇಕು.

"ಊರಿಗೆ ಹೋಗೋದು ರಜೆ ಅಂತೀರಾ ನೀವು?" ಎಂದು ಅನುರಾಧಾ ಕೇಳಿದಳು. "ಅದು ಡ್ಯೂಟಿ. ಇವತ್ತು ಅತ್ತೆ ಮನೆ ಊಟ, ನಾಳೆ ಚಿಕ್ಕಮ್ಮನ ಮನೆ ಊಟ, ಅವರ ಮನೇಲಿ ಎರಡು ಸಲ ಉಂಡ್ರಿ ನಮ್ಮ ಮನೇಲಿ ಒಂದೇ ಸಲ ಅಂತ ಇನ್ನೊಬ್ಬರ ಮುನಿಸು. ಮಕ್ಕಳಿಗೆ ಒಂದು ಊರನ್ನ ಊರು ಅಂತ ತೋರಿಸೋಣ. ನೆಂಟರೇ ಇಲ್ಲದ ಊರು."

ಮಕ್ಕಳು ಇಬ್ಬರು. ರಿಯಾಗೆ ಆರು, ಇಶಾನ್‌ಗೆ ನಾಲ್ಕು.

"ವೀಸಾ ನೋಡ್ಕೊಂಡ್ರಿ?" ದೇವೇಂದ್ರ ಕೇಳಿದ.

"ಕಾನ್ಸುಲೇಟ್‌ಗೆ ನಾನೇ ಫೋನ್ ಮಾಡಿದೀನಿ. ಬೇಡವಂತೆ," ಎಂದ ಪ್ರಕಾಶ್. ಮೊಸರಿನ ತಾರೀಖು ಓದುವವನ ಮಾತು. ದೇವೇಂದ್ರ ಮತ್ತೆ ಕೇಳಲಿಲ್ಲ.

ಸೂಟ್‌ಕೇಸ್ ತುಂಬಿದ್ದು ಆ ಕಾಲದ ನಮ್ಮವರ ಪದ್ಧತಿಯಂತೆಯೇ. ಹೊರಗೆ ತಿನ್ನಲು ನೂರು ತರಹ ಸಿಗುವ ಊರಿಗೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಪುಟ್ಟ ರೈಸ್ ಕುಕ್ಕರ್. ಕೈಚೀಲದಲ್ಲಿ ಒಗ್ಗರಣೆ ಹಾಕಿದ ಅವಲಕ್ಕಿ. ಎಲ್ಲವೂ ದೇವೇಂದ್ರನ ಅಂಗಡಿಯ ಮಾಲು, ಆದ್ದರಿಂದ ಅವನು ಬುದ್ಧಿ ಹೇಳಲು ಹೋಗಲಿಲ್ಲ.

ಡೆಟ್ರಾಯಿಟ್‌ನಿಂದ ಟೋಕಿಯೊ, ಟೋಕಿಯೊದಿಂದ ಕೌಲಾಲಂಪುರ. ಅಲ್ಲಿ ಪಾಸ್‌ಪೋರ್ಟ್ ನೋಡುವ ಗಾಜಿನ ಪೆಟ್ಟಿಗೆಯ ಮುಂದೆ ಸಂಸಾರ ನಿಂತಿತು. ಒಳಗಿದ್ದ ಅಧಿಕಾರಿ ನಾಲ್ಕು ಪಾಸ್‌ಪೋರ್ಟನ್ನು ಎರಡು ಗುಡ್ಡೆ ಮಾಡಿದ. ಅಮೆರಿಕದ್ದು ಎರಡು, ಅಲ್ಲೇ ಹುಟ್ಟಿದ ಮಕ್ಕಳದು. ಇನ್ನೆರಡು ಭಾರತದ್ದು, ಅಪ್ಪ ಅಮ್ಮನದು. ಮಕ್ಕಳು ಧಾರಾಳವಾಗಿ ಒಳಗೆ ಬರಬಹುದು, ತಂದೆತಾಯಿಗೆ ವೀಸಾ ಬೇಕು ಎಂದ. ಪ್ರಕಾಶ್ ಕಾನ್ಸುಲೇಟಿಗೆ ಫೋನ್ ಮಾಡಿದ್ದು ಸುಳ್ಳಲ್ಲ. ಆದರೆ ಆ ಹೊತ್ತಿನಲ್ಲಿ ಅವನ ಮುಂದೆ ಇದ್ದದ್ದು ಮಕ್ಕಳ ಪಾಸ್‌ಪೋರ್ಟುಗಳು. ಅದನ್ನೇ ನೋಡುತ್ತ 'ಅಮೆರಿಕನ್ ಪಾಸ್‌ಪೋರ್ಟಿಗೆ ವೀಸಾ ಬೇಕೆ' ಎಂದು ಕೇಳಿದ್ದ. ಮಿಷಿಗನ್ನಿನಲ್ಲಿ ಮನೆ ಕಟ್ಟಿಸಿ, ಹಿಮ ತಳ್ಳಿ, ತೆರಿಗೆ ಕಟ್ಟಿ ರೂಢಿಯಾದವನಿಗೆ ತಾನಿನ್ನೂ ವರ್ಕ್ ವೀಸಾದ ಮೇಲಿರುವ ಭಾರತದ ಪ್ರಜೆ ಅನ್ನುವುದೇ ಮರೆತುಹೋಗಿತ್ತು.

ಅನುರಾಧಾ ಕೋಪ ಮಾಡಿಕೊಳ್ಳಬಹುದಿತ್ತು. ಬಗ್ಗಿ, ಮಕ್ಕಳಿಗೆ ಹೇಳಿದಳು: "ನೋಡ್ರಪ್ಪ ದೊಡ್ಡ ಮನುಷ್ಯರೇ, ನಮ್ಮಿಬ್ಬರನ್ನ ನೀವೇ ಸ್ಪಾನ್ಸರ್ ಮಾಡ್ಬೇಕಂತೆ."

ಬೆಂಗಳೂರಿನ ವಿಮಾನದಲ್ಲಿ ನಾಲ್ಕು ಸೀಟು ಸಿಕ್ಕಿದ್ದು ಮರುದಿನ ಸಂಜೆಗೆ. ಅಲ್ಲಿಯವರೆಗೆ ನಿಲ್ದಾಣದ ಒಳಗೇ ಇರಬೇಕು. ಸೋತ ಮುಖದಲ್ಲಿ ಬೆಂಚಿನ ಮೇಲೆ ಕೂತಿದ್ದಾಗ ರಿಯಾ ಕೇಳಿದಳು, "ಅಪ್ಪಾ, ಈಸ್ ದಿಸ್ ಕೌಲಾಲಂಪುರ?"

ಪ್ರಕಾಶ್ ತಲೆ ಎತ್ತಿ ನೋಡಿದ. ಗೋಡೆಯ ಮೇಲೆ ದೊಡ್ಡದಾಗಿ ಆ ಊರಿನ ಹೆಸರೇ ಇತ್ತು. "ಹೌದು ಪುಟ್ಟಾ," ಎಂದ. "ಬಾ, ಊರು ನೋಡೋಣ."

ಬ್ರೇಕ್ ಎಂಜಿನಿಯರ್ ಅವತ್ತು ಬ್ರೇಕಿನ ಮೇಲಿಂದ ಕಾಲು ತೆಗೆದ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಓಡಾಡುವ ಪುಟ್ಟ ರೈಲು ಊರಿನ ರೈಲಾಯಿತು. ಡ್ರೈವರ್ ಇಲ್ಲದ ಅದಕ್ಕೆ ಇಶಾನ್‌ನನ್ನೇ ಡ್ರೈವರ್ ಮಾಡಿದ. ಕಟ್ಟಡದ ನಟ್ಟನಡುವೆ ಗಾಜಿನ ಸುತ್ತುಗೋಡೆಯೊಳಗೆ ನಿಜವಾದ ಮರಗಳ ಒಂದು ಕಾಡು, ನಡುವೆ ಮರದ ಹಲಗೆಯ ಹಾದಿ, ಧುಮುಕುವ ನೀರು. ಅದು ರಾಜನ ತೋಟ. ಸುಗಂಧದ ಅಂಗಡಿಗಳ ಸಾಲು ರಾಣಿಯ ಬೀದಿ. ಕಾಡಿನ ಎದುರಿನ ಕಾರ್ಪೆಟ್ ಮೇಲೆ ಅನುರಾಧಾ ಶಾಲು ಹಾಸಿ, ಕಾಗದದ ಲೋಟದಲ್ಲಿ ಅವಲಕ್ಕಿ ಹಂಚಿ, "ವೆಲ್‌ಕಮ್ ಟು ಅವರ್ ಹೋಟೆಲ್, ಮೇಡಂ," ಎಂದಳು. ಮ್ಯಾನೇಜರ್ ಅವಳೇ, ಅಡುಗೆಯವಳೂ ಅವಳೇ. ರೂಮಿಗೆ ಗೋಡೆ ಯಾಕಿಲ್ಲ ಎಂದು ರಿಯಾ ಕೇಳಿದ್ದಕ್ಕೆ, "ಕಾಡು ಕಾಣಬೇಕಲ್ವಾ ಮೇಡಂ, ಗೋಡೆ ಇರೋದು ಚೀಪ್ ಹೋಟೆಲ್," ಎಂಬ ಉತ್ತರ ಬಂತು.

ಊರಿಂದ ವಾಪಸ್ ಬಂದಮೇಲೆ ಪ್ರಕಾಶ್ ಅಕ್ಕಿ ಮೂಟೆಗಳ ಸಂದಿಯಲ್ಲಿ ನಿಂತು ದೇವೇಂದ್ರನಿಗೆ ಇದೆಲ್ಲ ಪಿಸುಗುಟ್ಟಿದ. "ಮಕ್ಕಳಿಗೆ ಗೊತ್ತಾಗಿಲ್ಲ. ನೀವೂ ಬಾಯಿಬಿಡಬೇಡಿ."

"ನಾ ಮಾರವ ಅದೀನ್ರೀ, ಡಂಗುರ ಸಾರವ ಅಲ್ಲ," ಎಂದ ದೇವೇಂದ್ರ.

ಆಮೇಲೆ ಎಷ್ಟೋ ಶನಿವಾರ ಅನುರಾಧಾ ಬೇಳೆಕಾಳು ಆರಿಸುವಾಗ ರಿಯಾ ಅಂಗಡಿಯ ಮೂಟೆ ಏರಿ ಕೂತು "ಅಪ್ಪಾ, ಟೆಲ್ ಕೌಲಾಲಂಪುರ" ಅನ್ನುತ್ತಿದ್ದಳು. ಪಕ್ಕದ ಮೂಟೆಯ ಮೇಲೆ ದೇವೇಂದ್ರನ ಮಗಳು ಇಳಾ. ಅವಳದು ರಿಯಾಳದೇ ವಯಸ್ಸು. ಅಂಗಡಿಗೆ ವಾರದಲ್ಲಿ ಒಂದು ದಿನವೂ ರಜೆ ಇಲ್ಲದ್ದರಿಂದ ಅವಳ ಬೇಸಿಗೆಗಳೆಲ್ಲ ಆ ಮೂಟೆಗಳ ಮೇಲೇ ಕಳೆದವು. ಪ್ರಕಾಶ್ ಹೇಳಿದಂತೆಲ್ಲ ಊರು ಬೆಳೆಯಿತು. ರಾಜನ ತೋಟಕ್ಕೆ ಮಂಗ ಬಂತು, ರೈಲಿಗೆ ಸೀಟಿ ಬಂತು. ಗಿರಾಕಿಗಳು ಬಿಲ್ಲಿಗೆ ಕಾಯುತ್ತ ನಿಂತು ಕೇಳುತ್ತಿದ್ದರು. ಆ ಹೊತ್ತಿನಲ್ಲಿ ಕೈಗೆ ಸಿಕ್ಕ ಚಕ್ಕುಲಿ ಪೊಟ್ಟಣವನ್ನೂ ಬುಟ್ಟಿಗೆ ಹಾಕುತ್ತಿದ್ದರು. ಹಾಗಾಗಿ ದೇವೇಂದ್ರ ಕಥೆಗೆ ಅಡ್ಡಿ ಮಾಡಲಿಲ್ಲ.

ವರ್ಷಗಳು ಹೋದವು. ಇಶಾನ್ ದೂರದ ಊರಿಗೆ ಕೆಲಸಕ್ಕೆ ಹೋದ. ಇಳಾ ಮದುವೆಯಾಗಿ ಷಿಕಾಗೋ ಬಳಿಯ ವುಡ್‌ರಿಡ್ಜ್‌ಗೆ ಹೋದಳು, ರಿಯಾ ಹತ್ತಿರದ ವೆಸ್ಟ್ ಬ್ಲೂಮ್‌ಫೀಲ್ಡ್‌ಗೆ. ಅನುರಾಧಾ ಕಾಯಿಲೆ ಬಿದ್ದು ತೀರಿಕೊಂಡಳು. ಪ್ರಕಾಶ್ ರಿಟೈರ್ ಆದ. ಮೊಸರಿನ ತಾರೀಖನ್ನು ಮಾತ್ರ ಈಗಲೂ ಓದುತ್ತಾನೆ, ಡಬ್ಬಿ ಚಿಕ್ಕದಾಗಿದೆ ಅಷ್ಟೆ.

ಈ ವರ್ಷ ಹಿಮ ಬೀಳುತ್ತಿದ್ದ ಒಂದು ಮಧ್ಯಾಹ್ನ ರಿಯಾ ಇಬ್ಬರು ಪುಟ್ಟ ಮಕ್ಕಳನ್ನು ಎಳೆದುಕೊಂಡು ಅಂಗಡಿಗೆ ಬಂದಳು.

"ದೇವೇಂದ್ರ ಅಂಕಲ್, ನಾವು ಇಂಡಿಯಾಗೆ ಹೋಗ್ತಿದೀವಿ. ದಾರೀಲಿ ಕೌಲಾಲಂಪುರ. ನಂಗೆ ಅದೇ ಹೋಟೆಲ್ ಬೇಕು. ಒಳಗೆ ಕಾಡಿತ್ತಲ್ಲ, ಅದು. ಇಂಟರ್ನೆಟ್ ಪೂರ್ತಿ ಹುಡುಕಿದೆ, ಸಿಗ್ತಿಲ್ಲ. ಅಪ್ಪನ್ನ ಕೇಳಿದ್ರೆ 'ಹೆಸರು ಮರೆತೆ' ಅಂತಾರೆ. ನೀವೇ ಅಲ್ವಾ ಬುಕ್ ಮಾಡಿದ್ದು?"

"ಭಾಳ ಹಳೇದವ್ವಾ ಅದು," ಎಂದು ದೇವೇಂದ್ರ ಬಿಲ್ ಯಂತ್ರದ ಕಡೆ ತಿರುಗಿದ.

"ಪ್ಲೀಸ್ ಅಂಕಲ್. ಅಮ್ಮ ಅಲ್ಲಿ ಅಷ್ಟು ನಕ್ಕಿದ್ದು ನಾನು ಮತ್ತೆ ಎಲ್ಲೂ ನೋಡಿಲ್ಲ. ಇವರಿಗೆ ಆ ಜಾಗ ತೋರಿಸ್ಬೇಕು, ದಟ್ಸ್ ಆಲ್."

ಅವಳ ಕಾರು ಹೊರಟ ಸ್ವಲ್ಪ ಹೊತ್ತಿಗೆ, ಮಗಳು ಇಲ್ಲಿಗೆ ಬಂದದ್ದು ತಿಳಿದು ಪ್ರಕಾಶ್ ಬಂದ. ಟೋಪಿಯ ಮೇಲಿನ ಹಿಮವನ್ನೂ ಕೊಡವಿರಲಿಲ್ಲ.

"ಆ ಹೋಟೆಲ್ ಇರಲೇ ಇಲ್ಲ ಅಂತ ಹೇಳಿಬಿಟ್ರಾ?"

"ಏನ್ ಮಾತ್ರೀ! ಮಾಲ್ ಇರಲೇ ಇಲ್ಲ ಅಂತ ಅಂಗಡಿಯವ ಯಾವತ್ತಾದ್ರೂ ಅಂತಾನೇನು? ಮುಗದದ ಅಂತಾನ. ಹೋಟೆಲ್ ಕೆಡವ್ಯಾರ ಅಂದೆ, ಊರ ನಡುವಿಂದು ಬ್ಯಾರೆ ಒಂದು ಬುಕ್ ಮಾಡಿಕೊಟ್ಟೆ."

ಪ್ರಕಾಶ್ ಉಸಿರು ಬಿಟ್ಟ. ಮರುಕ್ಷಣ ಅವನೊಳಗಿನ ಎಂಜಿನಿಯರ್ ಎದ್ದ. "ವಿಮಾನ ಎಲ್ಲಿ ಇಳಿಯುತ್ತೆ?"

"ಹಳೇ ಕಟ್ಟಡಕ್ಕನ."

"ಅಯ್ಯೋ! ಅಲ್ಲೇ ಇರೋದು ಕಾಡು. ರೈಲೂ ಅಲ್ಲೇ. ಅವಳು ನೋಡ್ತಾಳೆ. ಇನ್ನೊಂದು ಟರ್ಮಿನಲ್ ಇದೆಯಂತಲ್ಲ, ಅಲ್ಲಿಗೆ ಬದಲಾಯಿಸಿ."

ಬದಲಾಯಿಸಬಹುದಿತ್ತು. ದೇವೇಂದ್ರ ಕಂಪ್ಯೂಟರಿನ ಕಡೆ ಕೈಯನ್ನೂ ಚಾಚಲಿಲ್ಲ. "ಆಗಂಗಿಲ್ರೀ," ಎಂದ.

"ದೇವೇಂದ್ರ, ಅವಳಿಗೆ ಅಮ್ಮನ ನೆನಪು ಅಂದ್ರೆ ಆ ಎರಡು ದಿನಾನೇ. ಅದು ಸುಳ್ಳು ಅಂತ ಗೊತ್ತಾದ್ರೆ ಅನುರಾಧಾನ್ನೂ ಸುಳ್ಳು ಮಾಡಿದ ಹಾಗಾಗುತ್ತೆ. ಕಣ್ಣೆದುರಿಗೆ ಅಮ್ಮ ಇದ್ದಿದ್ರೆ ಬೈದು ಸಮಾಧಾನ ಮಾಡ್ಕೋಬಹುದಿತ್ತು. ಈಗ ಯಾರನ್ನ ಕೇಳ್ತಾಳೆ?"

"ನೀವು ಪೊಟ್ಟಣದ ಹಿಂದ ಬರದಿದ್ದೆಲ್ಲ ಓದತೀರಿ. ಒಳಗಿನ ಮಾಲ್ ರುಚಿ ಅದಯೋ ಇಲ್ಲೋ, ತಿಂದಾಕಿಗೆ ಗೊತ್ತು. ಸುಮ್ಮ ಕೂಡ್ರಿ," ಎಂದ ದೇವೇಂದ್ರ. ಮಾತು ಗಟ್ಟಿಯಾಗಿತ್ತು. ಪ್ರಕಾಶ್ ಹೋದಮೇಲೆ ಅವನು ರಿಯಾಳ ಟಿಕೆಟ್ಟನ್ನು ಇನ್ನೊಮ್ಮೆ ತೆರೆದು ನೋಡಿ, ಬದಲಿಸದೆ ಮುಚ್ಚಿದ. ತನ್ನದಲ್ಲದ ಮಾಲಿನ ಮೇಲೆ ಪಂದ್ಯ ಕಟ್ಟಿದ್ದ.

ರಿಯಾಳ ಸಂಸಾರ ಕೌಲಾಲಂಪುರಕ್ಕೆ ಇಳಿಯುವ ದಿನ ಪ್ರಕಾಶ್ ಅಂಗಡಿ ತೆಗೆಯುವ ಹೊತ್ತಿಗೇ ಬಂದು ನಿಂತಿದ್ದ. ಇಲ್ಲಿ ಬೆಳಿಗ್ಗೆ, ಅಲ್ಲಿ ರಾತ್ರಿ. ಹೊರಗೆ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ಕೊರೆಯುವ ಚಳಿ. ಅವನು ಮೊಸರಿನ ಸಾಲಿನ ಮುಂದೆ ನಿಂತು ಒಂದೇ ಡಬ್ಬಿಯ ತಾರೀಖನ್ನು ಓದುತ್ತಲೇ ಇದ್ದ. ಫೋನ್ ಬಡಿದುಕೊಂಡಿತು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿದ. ರಿಯಾಳ ದನಿ ಅಂಗಡಿಯ ತುಂಬ ಕೇಳಿಸಿತು.

"ಅಪ್ಪಾ."

"ಹೇಳು ಪುಟ್ಟಾ."

ಹಿಂದೆ ನೀರು ಧುಮುಕುವ ಸದ್ದು, ಮಕ್ಕಳ ಕಿರುಚಾಟ.

"ಅಪ್ಪಾ, ನಿಮ್ಮ ಹೋಟೆಲ್ ಕೆಡವಿಲ್ಲ. ಇಲ್ಲೇ ಇದೆ."

ಪ್ರಕಾಶ್ ದೇವೇಂದ್ರನ ಕಡೆ ತಿರುಗಿದ.

"ರೈಲು ಹತ್ತಿದ ಕೂಡಲೇ ಏನೋ ಅನಿಸ್ತು. ಆಮೇಲೆ ಕಾಡು ನೋಡಿದೆ. ನಾವು ಹೊರಗೆ ಹೋಗೇ ಇರಲಿಲ್ಲ, ಅಲ್ವಾ?"

"ಇಲ್ಲ ಮಗಳೇ. ವೀಸಾ... ನನ್ನ ತಪ್ಪು."

"ಅಮ್ಮನಿಗೆ ಗೊತ್ತಿತ್ತಾ?"

"ಮ್ಯಾನೇಜರೇ ಅವಳಲ್ಲವಾ."

ಆ ಕಡೆಯಿಂದ ಬಂದದ್ದು ನಗುವೋ ಅಳುವೋ ದೇವೇಂದ್ರನಿಗೆ ಗೊತ್ತಾಗಲಿಲ್ಲ. ಎರಡೂ ಒಂದೇ ಪೊಟ್ಟಣದಲ್ಲಿ ಇದ್ದಂತಿತ್ತು. "ಅಂದ್ರೆ ಅಮ್ಮ ನಿಜವಾಗಿ ಕೂತಿದ್ದ ಕಾರ್ಪೆಟ್ ಇದೇ," ಎಂದಳು ರಿಯಾ. "ನಾನು ಆ ಜಾಗ ಹುಡುಕ್ತಾ ಊರೆಲ್ಲ ಅಲೀಬೇಕಿತ್ತು ಅಪ್ಪಾ. ಬಾಗಿಲಲ್ಲೇ ಸಿಕ್ಕಿತು." ಆಮೇಲೆ ಮೂಗು ಏರಿಸಿಕೊಂಡು, "ಈಗ ಇವರಿಬ್ಬರೂ ಹೊರಗೆ ಬರಲ್ಲ ಅಂತಿದಾರೆ. ಊರಲ್ಲಿ ರೂಮ್ ಬುಕ್ ಆಗಿದೆ ಅಂದ್ರೂ ಕೇಳ್ತಿಲ್ಲ. ರೈಲಿಗೆ ಯಾರು ಡ್ರೈವರ್ ಅಂತ ಜಗಳ. ಏನ್ ಮಾಡ್ಲಿ?"

"ಚಿಕ್ಕವನಿಗೆ ಕೊಡು," ಎಂದ ಪ್ರಕಾಶ್. "ಇಶಾನ್‌ಗೆ ಕೊಟ್ಟಿದ್ದೆ."

ಫೋನ್ ಇಟ್ಟಮೇಲೆ ಅವನು ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು, ಕೈಯಲ್ಲಿದ್ದ ಡಬ್ಬಿಯನ್ನು ತಾರೀಖು ನೋಡದೆ ಗಲ್ಲಾದ ಮೇಲಿಟ್ಟ. ಜೊತೆಗೆ ಒಂದು ಪೊಟ್ಟಣ ಗೋಡಂಬಿ. ದೇವೇಂದ್ರನಿಗೆ ಅದು ಆ ದಿನದ ಮೊದಲ ವ್ಯಾಪಾರ. ಬಿಲ್ ಹಾಕಿದ.

ಮಧ್ಯಾಹ್ನ ವುಡ್‌ರಿಡ್ಜ್‌ನಿಂದ ಇಳಾ ಫೋನ್ ಮಾಡಿದಳು. ರಿಯಾ ಕಳಿಸಿದ ಫೋಟೊ ನೋಡಿದ್ದಳು.

"ಅಪ್ಪಾ, ರಾಜನ ತೋಟ! ಆ ಹಲಗೆ ಹಾದಿ, ಆ ನೀರು. ಪ್ರಕಾಶ್ ಅಂಕಲ್ ಹೇಳಿದ ಹಾಗೇ ಇದೆ. ಮಂಗ ಒಂದು ಕಾಣ್ಲಿಲ್ಲ. ನಾನೂ ಹೋಗಿದ್ದೆ ಅನಿಸ್ತಿದೆ."

"ನಾವು ಎಲ್ಲಿ ಹೋಗಿದ್ವಿ ಅವ್ವಾ? ಅಂಗಡಿ ಇತ್ತಲ್ಲ."

"ಹೋಗಿಲ್ಲ ಅಂತ ಗೊತ್ತಪ್ಪ. ಆದ್ರೂ ನಂಗೆ ನೆನಪಿದೆ. ಮೂಟೆ ಮೇಲೆ ಕೂತು ಹೋಗಿದ್ದೆ."

ದೇವೇಂದ್ರ ಫೋನ್ ಕೆಳಗಿಟ್ಟು ಮೂಟೆಗಳ ಕಡೆ ನೋಡಿದ. ಡೆಟ್ರಾಯಿಟ್‌ನ ನದಿ ದಂಡೆ ಬಿಟ್ಟರೆ ಮಗಳನ್ನು ಅವನು ಎಲ್ಲಿಗೂ ಕರೆದೊಯ್ದಿರಲಿಲ್ಲ. ಅವಳ ಬಾಲ್ಯದಲ್ಲಿ ದೂರದ ಊರು ಅಂತ ಇದ್ದದ್ದು ಒಂದೇ, ಅದನ್ನು ಅವಳಿಗೆ ತೋರಿಸಿದವನು ಪ್ರಕಾಶ್. ಪ್ರಕಾಶನಿಗೆ ದೇವೇಂದ್ರ ಆ ಒಂದು ಊರಿನ ಸಾಲಗಾರ.