ಸೀಲು ಬೀಳುವವರೆಗೆ

ಆ ಗುರುವಾರ ಮಧ್ಯಾಹ್ನ ಎರಡು ಗಂಟೆಯವರೆಗೆ ಮಾತ್ರ ಅವಳಿಗೆ ದನಿ ಇತ್ತು. ಎರಡಕ್ಕೆ ಆಪರೇಷನ್. ಗಂಟಲಲ್ಲಿ ಬೆಳೆದ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯದೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ಹದಿನೈದು ದಿನ ಮೊದಲೇ ಹೇಳಿದ್ದರು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಇಷ್ಟನ್ನು ಹೇಳುವಾಗ ಅವರು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ಅವಳ ಗಂಡ ಆ ಮುಚ್ಚಳವನ್ನೇ ನೋಡುತ್ತ ಕೂತಿದ್ದ.

ಗಂಡ ಲಾರಿ ಡ್ರೈವರ್. ಬಂದರಿಗೆ ಬಂದು ನಿಂತ ಹಡಗುಗಳಿಗೆ ಸಾಮಾನು ಮುಟ್ಟಿಸುವುದು ಅವನ ಕೆಲಸ. ದಂಡೆಯಲ್ಲಿ ನಿಂತು ನೋಡುವವರಿಗೆ ಹಡಗೆಂದರೆ ಒಂದು ಕಬ್ಬಿಣದ ಗೋಡೆ. ಆದರೆ ಆ ಗೋಡೆಯ ಒಳಗೆ ಇಪ್ಪತ್ತೋ ಇಪ್ಪತ್ತೈದೋ ಹೊಟ್ಟೆಗಳಿರುತ್ತವೆ, ಅವುಗಳಿಗೆ ಹೊತ್ತುಹೊತ್ತಿಗೆ ಹಸಿವಾಗುತ್ತದೆ. ಅಕ್ಕಿ, ಈರುಳ್ಳಿ, ಮೊಟ್ಟೆ, ಮಂಜುಗಟ್ಟಿಸಿದ ಮಾಂಸ, ಸೋಪು, ಬಲ್ಬು, ಹಗ್ಗ, ಒಮ್ಮೊಮ್ಮೆ ಯಾರೋ ನಾವಿಕನಿಗೆ ಬೇಕಾದ ಗಿಟಾರಿನ ತಂತಿ, ಎಲ್ಲವೂ ಅವನ ಲಾರಿಯಲ್ಲೇ ಹೋಗಬೇಕು. ಹಡಗು ಯಾರಿಗೂ ಕಾಯುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನು ಒಂದು ಹಡಗನ್ನೂ ತಪ್ಪಿಸಿಕೊಂಡವನಲ್ಲ. ಬಂದರಿನವರು ಅವನನ್ನು ಗಡಿಯಾರ ಎಂದು ಕರೆಯುತ್ತಿದ್ದರು. ಅವನಿಗೆ ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು, ಇದ್ದರೆ ತಪ್ಪೇನೂ ಇಲ್ಲ.

ಇನ್ನೊಂದು ಹೆಮ್ಮೆ ಸೀಲಿನದು. ಸಾಮಾನಿನ ಪಟ್ಟಿಗೆ ಹಡಗಿನ ಅಡುಗೆಯವನು ಸಹಿ ಹಾಕಿದರೆ ಸಾಲದು, ಹಡಗಿನ ದುಂಡು ಸೀಲು ಬೀಳಬೇಕು. ಸೀಲು ಬಿದ್ದ ಮೇಲೆ ಸಾಮಾನು ಹಡಗಿನದು, ಬೀಳುವವರೆಗೆ ಲಾರಿಯವನದು. ಉಳಿದ ಡ್ರೈವರುಗಳು ಅವಸರವಿದ್ದಾಗ ಕಾಗದವನ್ನು ಅಡುಗೆಯವನ ಕೈಯಲ್ಲಿಟ್ಟು, ಮರುದಿನ ಬಂದು ಇಸಿದುಕೊಂಡು ಹೋಗುತ್ತಿದ್ದರು. ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ಇವನು ಮಾತ್ರ ಸೀಲಿಲ್ಲದ ಕಾಗದ ಹಿಡಿದು ಹಡಗಿನ ಏಣಿ ಇಳಿದವನೇ ಅಲ್ಲ.

ಅವಳೋ ಮಾತಿನಮಲ್ಲಿ. ಮಕ್ಕಳಿಲ್ಲದ, ಇಬ್ಬರೇ ಇದ್ದ ಎರಡು ಕೋಣೆಯ ಮನೆಯಲ್ಲಿ ಹತ್ತು ಜನ ಇದ್ದಷ್ಟು ಸದ್ದು. ಪಾತ್ರೆಯ ಜೊತೆ ಮಾತು, ನಲ್ಲಿಯ ಜೊತೆ ಜಗಳ, ಪಕ್ಕದ ಮನೆಯವರ ಜೊತೆ ಕಿಟಕಿಯಿಂದ ಕಿಟಕಿಗೆ ಪಟ್ಟಾಂಗ. ಹಡಗುಗಳನ್ನು ಅವಳು ಸವತಿಯರು ಎನ್ನುತ್ತಿದ್ದಳು. “ಇವತ್ತು ಯಾವ ಸವತಿ ಬಂದಿದ್ದಾಳೆ?” ಎಂದು ಬೆಳಿಗ್ಗೆ ಕೇಳಿದರೆ ಇವನು, “ಭಾರೀ ದಪ್ಪ ಕಣೇ, ಮುನ್ನೂರು ಪೆಟ್ಟಿಗೆ ತಿಂತಾಳೆ,” ಎನ್ನುತ್ತಿದ್ದ. ಗಡ್ಡೆ ಬೆಳೆಯುತ್ತ ಬಂದು ದನಿ ಒಡೆದ ಬಿದಿರಿನ ಹಾಗಾದ ಮೇಲೂ ಅವಳು ಬಾಯಿ ನಿಲ್ಲಿಸಿರಲಿಲ್ಲ.

ಗುರುವಾರಕ್ಕೆ ಅವನು ರಜೆ ಹಾಕಿದ್ದ. ಬುಧವಾರ ಸಂಜೆ ಆಸ್ಪತ್ರೆಯ ವಾರ್ಡಿನಲ್ಲಿ ಅವಳ ಹಾಸಿಗೆಯ ಪಕ್ಕ ಕೂತಿದ್ದಾಗ ಕಚೇರಿಯ ಮ್ಯಾನೇಜರನ ಫೋನು ಬಂತು. ಎಣ್ಣೆ ಜೆಟ್ಟಿಗೆ ಒಂದು ಹಡಗು ಬಂದಿದೆ, ಆ ಜೆಟ್ಟಿಯ ಪಾಸು ಇರುವ ಇನ್ನೊಬ್ಬ ಡ್ರೈವರ್ ಜ್ವರ ಬಂದು ಮಲಗಿದ್ದಾನೆ, ಬರೀ ನಲವತ್ತು ಪೆಟ್ಟಿಗೆ, ಎಂಟಕ್ಕೆ ಹೋದರೆ ಹತ್ತಕ್ಕೆ ವಾಪಸ್ಸು. ಇವನು ಹೆಂಡತಿಯ ಮುಖ ನೋಡಿದ.

“ಹೋಗಿ ಬನ್ನಿ,” ಎಂದಳು ಅವಳು. “ಇಲ್ಲಿ ಕೂತು ನನ್ನ ಮುಖ ನೋಡಿದ್ರೆ ಅದೇನು ಬೆಳ್ಳಗಾಗುತ್ತಾ? ಆದ್ರೆ ಹನ್ನೊಂದಕ್ಕೆ ಇಲ್ಲಿರ್ಬೇಕು. ನಿಮ್ಮ ಹತ್ರ ಸ್ವಲ್ಪ ಮಾತಾಡೋದಿದೆ.”

ಬೆಳಿಗ್ಗೆ ಹೊರಟು ನಿಂತಾಗ ಅವನು, “ಅದೇನು ಈಗ್ಲೇ ಹೇಳ್ಬಾರ್ದೇನೇ?” ಎಂದ.

“ಲಾರಿ ಕೀಲಿಕೈ ಆಡಿಸ್ತಾ ನಿಂತವರಿಗೆ ಹೇಳೋ ಮಾತಲ್ಲ ಅದು. ಕೂತ್ಕೊಂಡು ಕೇಳ್ಬೇಕು. ಹನ್ನೊಂದಕ್ಕೆ ಬನ್ನಿ.”

“ಬರ್ತೀನಿ ಕಣೇ.”

ಎಣ್ಣೆ ಜೆಟ್ಟಿ ಎಂದರೆ ಸಮುದ್ರದೊಳಕ್ಕೆ ಎರಡು ಕಿಲೋಮೀಟರು ಚಾಚಿಕೊಂಡ ಕಿರಿದಾದ ಸೇತುವೆ. ಒಂದು ಬದಿಗೆ ಲಾರಿ ಹೋಗುವಷ್ಟು ದಾರಿ, ಇನ್ನೊಂದು ಬದಿಗೆ ತೊಡೆಗಾತ್ರದ ಪೈಪುಗಳು. ಕಿಡಿ ಹಾರಿದರೆ ಬಂದರಿಗೆ ಬಂದರೇ ಭಸ್ಮವಾಗುತ್ತದೆಂದು ಗೇಟಿನಲ್ಲಿ ಬೆಂಕಿಪೊಟ್ಟಣ, ಲೈಟರು, ಫೋನು ಎಲ್ಲವನ್ನೂ ಇಸಿದುಕೊಂಡು ತಗಡಿನ ಟೋಕನ್ ಕೊಡುತ್ತಾರೆ. ಇವನೂ ಫೋನು ಕೊಟ್ಟು ಒಳಗೆ ಹೋದ. ಒಂಬತ್ತಕ್ಕೆ ಹಡಗಿನ ಪಕ್ಕ ಲಾರಿ ನಿಂತಿತು. ಕ್ರೇನು ಬಲೆಯಲ್ಲಿ ಪೆಟ್ಟಿಗೆಗಳನ್ನು ಎತ್ತಿಕೊಂಡಿತು. ಹಡಗಿನ ಅಡುಗೆಯವನು ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿ, ಕೋಸು ಒತ್ತಿ ನೋಡಿ, ಒಂಬತ್ತೂ ಮುಕ್ಕಾಲಿಗೆ ಸಹಿ ಹಾಕಿದ. ಸೀಲು ಮಾತ್ರ ಹಡಗಿನ ಅಧಿಕಾರಿಯ ಜೇಬಿನಲ್ಲಿತ್ತು. ಆ ಅಧಿಕಾರಿ ಅತ್ತ ಪೈಪು ಜೋಡಿಸುವವರ ನಡುವೆ ನಿಂತಿದ್ದ.

ಜೆಟ್ಟಿಯ ಸುರಕ್ಷತಾ ಅಧಿಕಾರಿ ಕೆಳಗಿನಿಂದ ಕೂಗಿ ಹೇಳಿದರು. “ಗಡಿಯಾರ, ಹೊರಡು. ಹತ್ತು ನಿಮಿಷಕ್ಕೆ ಪೈಪು ತೆರೀತಾರೆ. ಎಣ್ಣೆ ಹರಿಯೋಕೆ ಶುರುವಾದ್ರೆ ನೀನು ಇಂಜಿನ್ ಮುಟ್ಟೋ ಹಾಗಿಲ್ಲ, ಗೊತ್ತಲ್ಲ?”

“ಸೀಲು ಆಗಿಲ್ಲ ಸಾರ್.”

“ನಾಳೆ ತಗೊಳ್ಳಪ್ಪ ಸೀಲು.”

“ಐದೇ ನಿಮಿಷ ಸಾರ್.”

ನಾಳೆಯೂ ಆ ಹಡಗು ಅಲ್ಲೇ ಇರುತ್ತಿತ್ತು. ನಾಳೆಯೂ ಸೀಲು ಅಷ್ಟೇ ದುಂಡಗೆ ಬೀಳುತ್ತಿತ್ತು. ಇದು ಅವನಿಗೆ ಗೊತ್ತಿರಲಿಲ್ಲ ಎಂದೇನಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ ಕಾಲು ಹಿಡಿದು ನಿಲ್ಲಿಸಿತು, ಅಷ್ಟೆ. ಕೊನೆಗೂ ಅಧಿಕಾರಿ ಬಂದ, ಸೀಲಿಗೆ ಹಾ ಎಂದು ಬಾಯಿಯ ಆವಿ ಹಿಡಿದು ಒತ್ತಿದ. ಇವನು ಆ ನೀಲಿ ಗುರುತನ್ನು ನೋಡುತ್ತ ಏಣಿಯ ಅರ್ಧ ಇಳಿದಿದ್ದನೋ ಇಲ್ಲವೋ, ಗಂಟೆ ಹೊಡೆಯಿತು. ಎಣ್ಣೆ ಹರಿಯುತ್ತಿದೆ ಎನ್ನುವ ಕೆಂಪು ಬಾವುಟ ಹಡಗಿನ ಮೇಲೆ ಏರಿತು.

“ಹೇಳಿದ್ನಾ ಇಲ್ವಾ?” ಎಂದರು ಸುರಕ್ಷತಾ ಅಧಿಕಾರಿ. ಕೆಟ್ಟ ಮನುಷ್ಯರಲ್ಲ ಅವರು. “ಹೋಗ್ಲಿ ಬಿಡು. ಒಂದು ಗಂಟೆ ತುಂಬಿಸಿ, ಎಣ್ಣೆಯ ಮಾದರಿ ತೆಗೆಯೋಕೆ ಅಂತ ನಿಲ್ಲಿಸ್ತಾರೆ. ಆಗ ಬಿಡ್ತೀನಿ.”

“ನಡ್ಕೊಂಡು ಹೋಗ್ಬಹುದಾ ಸಾರ್?”

“ಹೋಗ್ಬಹುದು. ಆದ್ರೆ ಇಲ್ಲಿ ಡ್ರೈವರ್ ಇಲ್ಲದ ಲಾರಿ ಬಿಟ್ಟು ಹೋದವನು ಪಾಸು ನನ್ನ ಕೈಗೆ ಕೊಟ್ಟೇ ಹೋಗ್ಬೇಕು. ಅದು ವಾಪಸ್ ಸಿಗುತ್ತೆ ಅಂತ ನಾನು ಹೇಳಲ್ಲ. ಯಾಕೆ, ಏನಾದ್ರೂ ಇತ್ತಾ?”

ಇಲ್ಲಿ ಬಾಯಿ ಬಿಟ್ಟು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಮನೆಯ ವಿಷಯವನ್ನು ಬಂದರಿನಲ್ಲಿ ಆಡಿ ಗೊತ್ತಿಲ್ಲದ ಮನುಷ್ಯ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿಬಿಡುತ್ತಿದ್ದಳು, ಇವನಿಗೆ ಆ ರೂಢಿಯೇ ತಪ್ಪಿಹೋಗಿತ್ತು. “ಏನಿಲ್ಲ ಸಾರ್,” ಎಂದ.

ಹನ್ನೊಂದಾಯಿತು. ಎಣ್ಣೆ ನಿಲ್ಲಲಿಲ್ಲ. ಪೈಪುಗಳು ಜ್ವರ ಬಂದವರ ಹಾಗೆ ಸಣ್ಣಗೆ ನಡುಗುತ್ತಿದ್ದವು. ಈಗ ನಿಲ್ಲಿಸುತ್ತಾರೆ, ಇನ್ನೇನು ನಿಲ್ಲಿಸುತ್ತಾರೆ ಎಂದುಕೊಂಡು ಲಾರಿಯ ಮೆಟ್ಟಿಲ ಮೇಲೆ ಕೂತ. ಹನ್ನೊಂದೂವರೆಗೆ ಎದ್ದು ಪಾಸು ಕೈಯಲ್ಲಿ ಹಿಡಿದು ಇಪ್ಪತ್ತು ಹೆಜ್ಜೆ ನಡೆದ. ಒಂದೂವರೆ ಗಂಟೆ ಕಾದದ್ದಾಗಿದೆ, ಈಗ ನಡೆದುಹೋದರೆ ಆ ಕಾದದ್ದೂ ದಂಡ, ಪಾಸೂ ದಂಡ ಎಂದು ತಿರುಗಿ ಬಂದ. ಪಾಸು ಹೋದರೆ ಅವಳ ಔಷಧಕ್ಕೆ ಏನು ಗತಿ ಎಂದೂ ತನಗೆ ತಾನೇ ಹೇಳಿಕೊಂಡ. ಹನ್ನೆರಡಕ್ಕೆ ಮತ್ತೆ ಅದೇ ಲೆಕ್ಕ. ಆಗಲೂ ನಡೆದಿದ್ದರೆ ಮುಟ್ಟುತ್ತಿದ್ದ. ಕಾದದ್ದು ಹೆಚ್ಚಾದಷ್ಟೂ ಏಳುವುದು ಕಷ್ಟವಾಗುತ್ತ ಹೋಯಿತು. ಎಣ್ಣೆ ನಿಂತಾಗ ಒಂದಕ್ಕೆ ಹತ್ತು ನಿಮಿಷ ಬಾಕಿ.

ಗೇಟಿನಲ್ಲಿ ಟೋಕನ್ ಕೊಟ್ಟು ಫೋನು ತೆಗೆದುಕೊಂಡ. ಅವಳು ಹದಿನಾಲ್ಕು ಸಲ ಕರೆ ಮಾಡಿದ್ದಳು. ಇವನು ಮಾಡಿದರೆ ಅವಳ ಫೋನು ಆಫ್ ಆಗಿತ್ತು, ಅಷ್ಟು ಕರೆಗೆ ಬ್ಯಾಟರಿ ಮುಗಿದಿರಬೇಕು. ರೈಲ್ವೆ ಗೇಟಿನ ಹತ್ತಿರ ಕಂಟೇನರ್ ಲಾರಿಗಳ ಸಾಲು. ಆಸ್ಪತ್ರೆಯ ಮೆಟ್ಟಿಲು ಹತ್ತಿ ವಾರ್ಡಿಗೆ ಬಂದಾಗ ಎರಡಕ್ಕೆ ಹತ್ತು ನಿಮಿಷ. ಹಾಸಿಗೆ ಖಾಲಿಯಿತ್ತು. ಅವಳ ಅಕ್ಕ ಸ್ಟೂಲಿನ ಮೇಲೆ ಕೂತಿದ್ದಳು, ಮಡಿಲಲ್ಲಿ ಕರ್ಚೀಫಿನೊಳಗೆ ತಂಗಿಯ ಓಲೆ ಮತ್ತು ಕನ್ನಡಕ.

“ಒಂದೂವರೆಗೇ ಕರ್ಕೊಂಡು ಹೋದ್ರು,” ಎಂದಳು ಅಕ್ಕ.

ಅವನು ಗೋಡೆಗೆ ಒರಗಿ ನಿಂತ. ಅಕ್ಕ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕರ್ಚೀಫಿನ ಗಂಟು ಬಿಚ್ಚುತ್ತ, ಕಟ್ಟುತ್ತ ಒಂದೊಂದಾಗಿ ಹೇಳಿದಳು.

“ಬೆಳಿಗ್ಗೆಯಿಂದ ಬಾಯಿ ಮುಚ್ಚಿರ್ಲಿಲ್ಲ. ನರ್ಸುಗಳನ್ನೆಲ್ಲ ನಗಿಸಿದ್ಲು. ಹನ್ನೊಂದಾದ ಮೇಲೆ ಸುಮ್ಮನಾಗ್ಬಿಟ್ಲು. ಯಾಕೆ ಅಂದೆ. ಗಂಟಲು ನೋಯ್ತಿದೆ, ಇರೋದನ್ನ ಅವರಿಗೆ ಉಳಿಸ್ಕೋಬೇಕು ಅಂದ್ಲು. ಎರಡು ಗಂಟೆ ಹೊತ್ತು ಮಾತೇ ಆಡ್ಲಿಲ್ಲ. ಗಂಟೆ ಒಂದಾದ್ಮೇಲೆ, ಅಕ್ಕ, ನಿನಗೆ ಹೇಳ್ತೀನಿ, ನೀನು ಅವರಿಗೆ ಹೇಳ್ಬಿಡು ಅಂದ್ಲು.”

“ಏನು ಹೇಳಿದ್ಲು?”

ಅಕ್ಕ ಅಳತೊಡಗಿದಳು. “ನಾನೇ ಬೇಡ ಅಂದೆ. ಅವರು ಯಾವತ್ತಾದ್ರೂ ಹೊತ್ತು ತಪ್ಪಿದ್ದುಂಟಾ, ಬಂದೇ ಬರ್ತಾರೆ, ಅವರಿಗೇ ಹೇಳು ಅಂದೆ.”

ಅವಳು ಬದುಕಿದಳು. ಹನ್ನೆರಡು ದಿನಕ್ಕೆ ಮನೆಗೆ ಬಂದಳು. ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಆಸ್ಪತ್ರೆಯವರು ತೋರಿಸಿಕೊಟ್ಟರು. ಅದರಿಂದ ಹೊರಟ ಜೀರುಂಡೆಯ ಸದ್ದನ್ನು ಎರಡು ಸಲ ಕೇಳಿ ಅವಳು ಅದನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದಳು. ಆಮೇಲೆ ಗೆರೆ ಹಾಕಿದ ನೋಟ್‌ಬುಕ್ಕು. ಹಾಲು ಮುಗಿದಿದೆ. ನಲ್ಲಿ ಸೋರುತ್ತಿದೆ. ಕೊಡೆ ತೆಗೆದುಕೊಂಡು ಹೋಗಿ. ಬರೆಯುವ ಮಾತಿಗೆ ಸಿಟ್ಟೂ ಇಲ್ಲ, ನಗುವೂ ಇಲ್ಲ. ಪಕ್ಕದ ಮನೆಯವರ ಕಿಟಕಿ ಮೊದಮೊದಲು ತೆರೆದೇ ಇರುತ್ತಿತ್ತು, ಬರಬರುತ್ತ ಮುಚ್ಚಿತು.

ಮೊದಲ ವರ್ಷ ಅವನು ಮೂರು ಸಲ ಕೇಳಿದ, ಆ ದಿನ ಏನು ಹೇಳಬೇಕೆಂದಿದ್ದೆ ಎಂದು. ಮೂರು ಸಲವೂ ಅವಳು ಬೇಡ ಎನ್ನುವಂತೆ ಕೈಯಾಡಿಸಿದಳು. ಆಮೇಲೆ ಅವನಿಗೆ ಕೇಳುವ ಧೈರ್ಯ ಬರಲಿಲ್ಲ.

ಸುದ್ದಿ ಹೇಗೋ ಬಂದರಿಗೆ ಮುಟ್ಟಿತು. ಸುರಕ್ಷತಾ ಅಧಿಕಾರಿ ಅವನ ಲಾರಿಯ ಕಿಟಕಿಗೆ ಬಂದು, “ಒಂದು ಮಾತು ಹೇಳ್ಬಾರ್ದಿತ್ತೇನಯ್ಯಾ? ಲಾರಿ ಹತ್ರ ನಾನೇ ನಿಲ್ತಿದ್ದೆ. ನನ್ನ ಸೈಕಲ್ಲು ಅಲ್ಲೇ ಕಂಬಿಗೆ ಒರಗಿಸಿತ್ತಲ್ಲೋ,” ಎಂದರು. ಅವನು ಆ ಸೈಕಲ್ಲನ್ನು ಅಂದು ನೋಡಿದ್ದ. ಮೂರು ತಾಸು ಅದರ ಎದುರಿಗೇ ಕೂತಿದ್ದ.

ಈಗಲೂ ಅವನು ಸೀಲಿಗೆ ಕಾಯುತ್ತಾನೆ. ಮೊದಲು ಅದು ಶಿಸ್ತು. ಈಗ ಬೇಗ ಮನೆಗೆ ಹೋಗಿ ಮಾಡುವುದೇನು ಎಂಬ ಕಾರಣಕ್ಕೆ. ಗಡಿಯಾರ ಎಂದು ಯಾರಾದರೂ ಕರೆದರೆ ಲಾರಿಯ ಗಾಜು ಏರಿಸಿಬಿಡುತ್ತಾನೆ, ಆದರೆ ಕರೆಯಬೇಡಿ ಎಂದು ಯಾರ ಬಳಿ ಹೋಗಿ ಹೇಳುವುದು?

ಮೂರನೆಯ ವರ್ಷ ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಊಟ ಮುಗಿಸಿ ಮೇಜಿನ ಮುಂದೆ ಕೂತಿದ್ದರು. ಅವನು ಕೇಳಿರಲಿಲ್ಲ. ಅವಳು ತಾನಾಗಿ ನೋಟ್‌ಬುಕ್ಕು ಎಳೆದುಕೊಂಡು ಬರೆಯತೊಡಗಿದಳು. ಬರೆದು ಅವನ ಕಡೆಗೆ ತಿರುಗಿಸಿದಳು.

“ಆವತ್ತು ಹೇಳೋದು ಏನೇನೋ ಇತ್ತು. ಎಲ್ಲ ಮರೆತುಹೋಯ್ತು. ಒಂದೇ ನೆನಪಿದೆ. ಒಳಗೆ ಹೋಗೋ ಮುಂಚೆ ಒಂದು ಸಲ ‘ರೀ’ ಅಂತ ಕೂಗ್ಬೇಕಿತ್ತು. ನೀವು ‘ಏನೇ’ ಅನ್ನೋದನ್ನ ಕೇಳ್ಬೇಕಿತ್ತು. ಅಷ್ಟೇ.”

ಅವನು ಎರಡು ಸಲ ಓದಿದ. ಅವಳು ಅವನ ಬಾಯಿಯನ್ನೇ ನೋಡುತ್ತಿದ್ದಳು.

“ಏನೇ,” ಎಂದ ಅವನು.

ಅವಳು ಅಲ್ಲ ಎನ್ನುವಂತೆ ತಲೆಯಾಡಿಸಿದಳು. ಅವನಿಗೂ ತಿಳಿಯಿತು. ಕೂಗೇ ಇಲ್ಲದ ಮೇಲೆ ಓಗೊಡುವುದು ಯಾವುದಕ್ಕೆ? ಅವಳು ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಒಳಗೆ ಹೋದಳು.