ಎದುರಿಗೇ ನಿಂತ ಬಂಡೆ

ಎಪ್ಪತ್ತರ ದಶಕದ ಶುರುವಿನಲ್ಲಿ ನನಗೊಂದು ವಿಚಿತ್ರವಾದ ಕೆಲಸವಿತ್ತು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕೂತು, ಚಂದ್ರನ ಮೇಲೆ ಗಾಡಿ ಓಡಿಸುವುದನ್ನು ಕಲಿಯುವುದು. ಚಂದ್ರನ ಮೇಲೆ ನಮ್ಮ ಗಾಡಿ ಇರಲಿಲ್ಲ. ಅಲ್ಲಿಗೆ ಹೋಗುವ ರಾಕೆಟ್ಟೂ ನಮ್ಮ ಹತ್ತಿರ ಇರಲಿಲ್ಲ. ಆದರೂ ಪ್ರತಿದಿನ ಬೆಳಿಗ್ಗೆ ದೊಡ್ಡಬಳ್ಳಾಪುರದಿಂದ ಬಸ್ಸು ಹತ್ತಿ, ಬುತ್ತಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಚಂದ್ರಲೋಕದ ಡ್ಯೂಟಿಗೆ ಹೊರಡುತ್ತಿದ್ದೆ. ಆ ಯೋಚನೆಗೇ ದಾರಿಯುದ್ದಕ್ಕೂ ನಗು ಉಕ್ಕುತ್ತಿತ್ತು. ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಕೂರುತ್ತಿದ್ದರು.

ರಷ್ಯಾದವರು ಆಗಷ್ಟೇ ಚಂದ್ರನ ಮೇಲೊಂದು ಗಾಲಿಯ ಯಂತ್ರ ಇಳಿಸಿ, ಇಲ್ಲಿ ಭೂಮಿಯ ಮೇಲೆ ಕೂತೇ ಅದನ್ನು ಓಡಿಸಿದ್ದರು. ನಮ್ಮ ಮುಖ್ಯಸ್ಥರಿಗೆ ಅದರ ಹುಚ್ಚು ಹತ್ತಿತ್ತು. ಮುಂದೊಂದು ದಿನ ನಮಗೂ ಇದು ಬೇಕಾಗುತ್ತದೆ, ಈಗಿನಿಂದಲೇ ಕೈ ಪಳಗಿಸಿಕೊಳ್ಳಬೇಕು ಎನ್ನುವುದು ಅವರ ವಾದ. ಕಷ್ಟವಿದ್ದದ್ದು ಓಡಿಸುವುದರಲ್ಲಲ್ಲ, ಕಾಯುವುದರಲ್ಲಿ. ಇಲ್ಲಿಂದ ‘ಎಡಕ್ಕೆ ತಿರುಗು’ ಎಂದರೆ ಆ ಮಾತು ಚಂದ್ರನನ್ನು ಮುಟ್ಟಿ, ಗಾಡಿ ತಿರುಗಿದ ಚಿತ್ರ ನಮಗೆ ಕಾಣುವಷ್ಟರಲ್ಲಿ ಎರಡು ಮೂರು ಸೆಕೆಂಡು ಕಳೆದಿರುತ್ತದೆ. ಅಷ್ಟರೊಳಗೆ ಅವಸರಪಟ್ಟು ಇನ್ನೊಂದು ಸಲ ಒತ್ತಿದಿರೋ, ಗಾಡಿ ಎರಡು ಪಟ್ಟು ತಿರುಗಿ ಹಳ್ಳಕ್ಕೆ ಬಿತ್ತು.

ಆ ತಡವನ್ನು ನಾವು ರೆಕಾರ್ಡಿಂಗ್ ಟೇಪಿನಿಂದ ಹುಟ್ಟಿಸುತ್ತಿದ್ದೆವು. ಗುಂಡಿ ಒತ್ತಿದರೆ ಆಜ್ಞೆ ನೇರವಾಗಿ ಗಾಡಿಗೆ ಹೋಗುತ್ತಿರಲಿಲ್ಲ. ಮೊದಲು ಟೇಪಿನಲ್ಲಿ ಅಚ್ಚಾಗಿ, ಆ ಟೇಪು ತೆವಳುತ್ತಾ ಇನ್ನೊಂದು ತುದಿ ತಲುಪಿದ ಮೇಲಷ್ಟೇ ಗಾಡಿಗೆ ಮುಟ್ಟುತ್ತಿತ್ತು. ಗಾಡಿಯೇನು, ನಾಲ್ಕು ಗಾಲಿಯ ತಗಡಿನ ಪೆಟ್ಟಿಗೆ. ಅದರ ಮೇಲೆ ಒಂದು ಕ್ಯಾಮೆರಾ, ಧೂಳು ತಾಗದಿರಲೆಂದು ಕ್ಯಾಮೆರಾದ ಮುಂದೆ ಗೇಣು ದೂರದಲ್ಲಿ ಒಂದು ಗಾಜು. ಮಗ್ಗದಲ್ಲಿ ಲಾಳಿಯ ಹಿಂದೆ ನೂಲಿನ ಎಳೆ ಬಂದ ಹಾಗೆ ಗಾಡಿಯ ಹಿಂದೆ ಉದ್ದನೆಯ ಕೇಬಲ್ಲು ಬರುತ್ತಿತ್ತು.

ನನಗೆ ಹುಟ್ಟಿನಿಂದಲೇ ತಾಳ್ಮೆಯಿಲ್ಲ. ಅನ್ನ ಬೇಯುವ ಮೊದಲೇ ಮುಚ್ಚಳ ತೆಗೆದು ನೋಡುವವಳು ನಾನು. ಅಂಥವಳಿಗೆ ಈ ಕೆಲಸದ ಮೇಲೆ ಪ್ರಾಣ ಹೋಗುವಷ್ಟು ಆಸೆ ಹುಟ್ಟಿಬಿಟ್ಟಿತ್ತು. ಗುಂಡಿ ಒತ್ತಿದ ಕೂಡಲೇ ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿ, ಅವುಗಳ ಮೇಲೆ ಕೂತುಬಿಡುವುದನ್ನು ಅಭ್ಯಾಸ ಮಾಡಿಕೊಂಡೆ. ಒತ್ತು, ಕೂರು, ನೋಡು. ಒತ್ತು, ಕೂರು, ನೋಡು. ನನ್ನ ಸಹೋದ್ಯೋಗಿಯೊಬ್ಬ ಇದನ್ನು ನೋಡಿ, "ಏನ್ರೀ ಮೇಡಂ, ಮೊಟ್ಟೆಗೆ ಕಾವು ಕೊಡ್ತಿದ್ದೀರಾ?" ಎಂದು ಛೇಡಿಸುತ್ತಿದ್ದ. ಗಾಡಿ ಓಡಿಸುವ ಆ ಕುರ್ಚಿಯ ಮೇಲೆ ಅವನಿಗೂ ಕಣ್ಣಿತ್ತು.

ದೆಹಲಿಯಿಂದ ದೊಡ್ಡವರು ಕೆಲವರು ನಮ್ಮ ಪ್ರಯೋಗ ನೋಡಲು ಬರುತ್ತಾರೆಂದು ಗೊತ್ತಾದ ದಿನ ಮುಖ್ಯಸ್ಥರು ನನ್ನನ್ನು ಕರೆದರು.

"ನೋಡಮ್ಮ, ಅವತ್ತು ನೀನೇ ಓಡ್ಸು. ಆ ಕೊನೇಲಿ ಒಂದು ಬಿಳಿ ಕಲ್ಲು ಇಡಿಸ್ತೀನಿ, ಗಾಡಿ ಅದನ್ನ ಮುಟ್ಟಿದ್ರೆ ಆ ಕುರ್ಚಿ ನಿಂದು. ಮುಟ್ಟದೆ ಹೋದ್ರೆ ನೀನು ಲೆಕ್ಕದ ಮೇಜಿಗೆ ವಾಪಸ್ ಹೋಗ್ಬೇಕು, ನಿನ್ನ ಜೊತೆಯವನು ಕೂರ್ತಾನೆ. ಬೇಜಾರ್ ಮಾಡ್ಕೋಬಾರ್ದು."

ಬೇಜಾರು ಮಾಡಿಕೊಳ್ಳಬಾರದಂತೆ! ಲೆಕ್ಕದ ಮೇಜು ಎಂದರೆ ದಿನವಿಡೀ ಇನ್ನೊಬ್ಬರು ಓಡಿಸಿದ ಗಾಡಿಯ ಅಂಕಿಗಳನ್ನು ಕೂಡಿಸುವುದು. ಆ ರಾತ್ರಿ ಮುದ್ದೆ ಮುರಿಯುತ್ತಾ ಕೂತವಳು ತುತ್ತಿಗೊಮ್ಮೆ ‘ಒತ್ತು, ಕೂರು, ನೋಡು’ ಎಂದು ಗೊಣಗುತ್ತಿದ್ದೆನಂತೆ. ಅಪ್ಪ ಮಗ್ಗ ನಿಲ್ಲಿಸಿ ಬಂದು ವಿಚಾರಿಸಿದರು. ವಿಷಯ ಹೇಳಿದೆ. ನಮ್ಮ ಮನೆಯಲ್ಲಿ ಎರಡು ಪವರ್‌ಲೂಮ್ ಇದ್ದವು. ಅಪ್ಪ ಅವುಗಳ ಗದ್ದಲದಲ್ಲೇ ಬದುಕಿದವರು, ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ.

"ಹೊಸ ಮಿಷನ್ನಾ? ಪೂಜೆ ಆಯ್ತೇನಮ್ಮಾ?" ಎಂದು ಬೀದಿಗೆಲ್ಲ ಕೇಳುವಂತೆ ಕೇಳಿದರು.

"ಅಪ್ಪಾ, ಅದು ವಿಜ್ಞಾನ."

"ಆಗ್ಲಿ ಬಿಡು. ಪೂಜೆ ಆಯ್ತಾ ಅಂದೆ."

ಪರೀಕ್ಷೆ ನಡೆಯಬೇಕಿದ್ದದ್ದು ಕುಂದಾಣದ ಹತ್ತಿರ ನೀರು ಬತ್ತಿದ ಒಂದು ಕೆರೆಯ ಅಂಗಳದಲ್ಲಿ. ಗುಂಡುಕಲ್ಲುಗಳು, ಬಿರುಕು ಬಿಟ್ಟ ಮಣ್ಣು. ಚಂದ್ರನಿಗೆ ಇದಕ್ಕಿಂತ ಹತ್ತಿರದ ಜಾಗ ಜೀಪಿನಲ್ಲಿ ಸಿಗುತ್ತಿರಲಿಲ್ಲ. ಒಂದು ಕಡೆ ಡೇರೆ, ಅದರೊಳಗೆ ಟಿ.ವಿ. ಪೆಟ್ಟಿಗೆ, ಗುಂಡಿಗಳು ಮತ್ತು ನಾನು. ಇನ್ನೊಂದು ಕಡೆ, ಗುಂಡುಕಲ್ಲುಗಳ ಆಚೆ, ಸುಣ್ಣ ಬಳಿದ ಒಂದು ಕಲ್ಲು. ಹೊರಗಿರುವ ಯಾರೂ ನನಗೆ ಏನೂ ಕೂಗಿ ಹೇಳಬಾರದು, ಗಾಡಿಯನ್ನು ಮುಟ್ಟಬಾರದು. ಚಂದ್ರನ ಮೇಲೆ ಯಾರು ನಿಂತಿರುತ್ತಾರೆ ಕೂಗುವುದಕ್ಕೆ?

ಬೆಳಿಗ್ಗೆ ಜೀಪಿನಿಂದ ಇಳಿದರೆ ಏರಿಯ ಮೇಲೆ ಅಪ್ಪ! ಒಗೆದ ಪಂಚೆ, ಹೆಗಲ ಮೇಲೆ ಟವೆಲು, ಕೈಯಲ್ಲೊಂದು ಚೀಲ. ಮೊದಲ ಬಸ್ಸಿಗೇ ಬಂದಿದ್ದರು. ಚೀಲದಲ್ಲಿ ಏನಿದೆಯೆಂದು ಕೇಳುವ ಅಗತ್ಯವಿರಲಿಲ್ಲ, ಕರ್ಪೂರದ ವಾಸನೆ ಬರುತ್ತಿತ್ತು.

"ಅಪ್ಪಾ, ನಿನ್ನ ದಮ್ಮಯ್ಯ, ಏನನ್ನೂ ಮುಟ್ಬೇಡ."

"ನಾನ್ಯಾಕಮ್ಮಾ ಮುಟ್ಟಲಿ? ದೂರದಲ್ಲೇ ನಿಂತ್ಕೊಂಡು ನೋಡ್ಬಿಟ್ಟು ಹೋಗ್ತೀನಿ."

ಅಷ್ಟರಲ್ಲಿ ನನ್ನನ್ನು ಡೇರೆಯೊಳಗೆ ಕರೆದರು. ಮುಖ್ಯಸ್ಥರು ಬಂದವರಿಗೆ ಎಳನೀರು ಕುಡಿಸಿ ಒಳಗೆ ಕರೆತಂದು ನನ್ನ ಬೆನ್ನ ಹಿಂದೆ ನಿಲ್ಲಿಸಿದರು. ಟಿ.ವಿ.ಗೆ ಜೀವ ಬಂತು. ಮಸುಕಾದ ಕೆರೆ ಅಂಗಳ, ಬೂದಿ ಬಣ್ಣದ ಆಕಾಶ, ಸರಿಯಾಗಿ ನಟ್ಟನಡುವೆ ಕಪ್ಪಗೆ ದುಂಡಗೆ ಒಂದು ಬಂಡೆ. ನಿನ್ನೆ ಈ ಬಂಡೆ ಇರಲಿಲ್ಲವಲ್ಲ ಅಂದುಕೊಂಡೆ. ನನ್ನನ್ನು ಪರೀಕ್ಷಿಸಲು ಮುಖ್ಯಸ್ಥರೇ ಇಡಿಸಿರಬೇಕು! ಎಂಥ ಕಿಲಾಡಿ ಮನುಷ್ಯ!

ಮುಂದಕ್ಕೆ ಒತ್ತಿ, ಕೈಗಳ ಮೇಲೆ ಕೂತೆ. ಟೇಪು ತೆವಳಿತು. ಗಾಡಿ ಒಮ್ಮೆ ಎಗರಿ ಬಿತ್ತು, ಚಿತ್ರವೆಲ್ಲ ಕುಲುಕಿತು. ಸಮನೆಲದಲ್ಲಿ ಯಾಕೆ ಎಗರಿತು ಎಂದು ಯೋಚಿಸಲು ಪುರುಸೊತ್ತಿರಲಿಲ್ಲ. ಬಂಡೆ ತಪ್ಪಿಸಲು ಎಡಕ್ಕೆ ಒತ್ತಿದೆ. ಕಾದೆ. ಹಿಂದಿನ ಗುಡ್ಡ ಪಕ್ಕಕ್ಕೆ ಸರಿಯಿತು, ಬಂಡೆ ಮಾತ್ರ ನಟ್ಟನಡುವೆ ಹಾಗೇ ನಿಂತಿತ್ತು. ಮತ್ತೆ ಎಡಕ್ಕೆ. ಜಾಲಿ ಮರ ಬಂತು, ಹೋಯಿತು, ಬಂಡೆ ಅಲ್ಲೇ. ಇನ್ನೂ ಎಡಕ್ಕೆ. ಕೆರೆಯ ಏರಿ ಬಂತು, ಡೇರೆ ಬಂತು, ನಮ್ಮ ಜೀಪು ಬಂತು, ಕೊನೆಗೆ ಮೊದಲಿನ ಗುಡ್ಡವೇ ತಿರುಗಿ ಬಂತು. ಬಂಡೆ ಒಂದಿಷ್ಟೂ ಕದಲಿರಲಿಲ್ಲ.

ಹಿಂದಿನಿಂದ ಯಾರೋ ಕೆಮ್ಮಿದರು. ನನ್ನ ಕಿವಿ ಬಿಸಿಯಾಯಿತು. ಕುರ್ಚಿ ಕೈಬಿಟ್ಟು ಹೋಗುತ್ತಿತ್ತು. ಮತ್ತೊಂದು ಸುತ್ತು ಹೊಡೆಸಿದೆ. ಹೊರಗೆ ನನ್ನ ಸಹೋದ್ಯೋಗಿ ಕೇಬಲ್ಲು ಹಿಡಿದುಕೊಂಡು ಗಾಡಿಯ ಹಿಂದೆಯೇ ಸುತ್ತುತ್ತಾ ಓಡುತ್ತಿದ್ದದ್ದು ಡೇರೆಯ ಬಟ್ಟೆಯ ಮೇಲೆ ನೆರಳಾಗಿ ಕಾಣುತ್ತಿತ್ತು.

"ನಿಲ್ಸಿಬಿಡೋಣ್ವೇನಮ್ಮಾ?" ಎಂದರು ಮುಖ್ಯಸ್ಥರು ಮೆಲ್ಲಗೆ.

"ಒಂದೇ ನಿಮಿಷ ಸರ್."

ಕೋಪ ಬಂತು. ಹಾಳಾಗಲಿ, ಗುದ್ದೇಬಿಡೋಣ ಎಂದು ನೇರವಾಗಿ ಬಂಡೆಯ ಮೇಲಕ್ಕೇ ಗಾಡಿ ಬಿಟ್ಟೆ. ಮುಂದಕ್ಕೆ. ಇನ್ನೂ ಮುಂದಕ್ಕೆ. ಅಕ್ಕಪಕ್ಕದ ಕಲ್ಲುಗಳು ದೊಡ್ಡದಾಗುತ್ತಾ ಬಂದು ಹಿಂದೆ ಸರಿದವು. ಈ ಬಂಡೆ ಮಾತ್ರ ಎಷ್ಟು ಹತ್ತಿರ ಹೋದರೂ ಅಷ್ಟೇ ಇತ್ತು. ಹತ್ತಿರ ಹೋದರೂ ದೊಡ್ಡದಾಗದ ಬಂಡೆ ಭೂಮಿಯ ಮೇಲಿಲ್ಲ, ಚಂದ್ರನ ಮೇಲೂ ಇಲ್ಲ. ಅದು ನೆಲದ ಮೇಲಿಲ್ಲ, ಗಾಜಿನ ಮೇಲಿದೆ. ಆ ಕ್ಷಣ ನನ್ನ ಮೂಗಿಗೆ ಎಲ್ಲಿಂದಲೋ ಕರ್ಪೂರದ ವಾಸನೆ ಬಡಿದಂತಾಯಿತು. ದುಂಡಗಿನ ಬೊಟ್ಟು. ಕಪ್ಪು ಬಿಳುಪಿನ ಟಿ.ವಿ.ಯಲ್ಲಿ ಕೆಂಪು ಕಾಣುವುದು ಕಪ್ಪಾಗಿಯೇ!

ಅಪ್ಪ! ಹೊಸ ಮಿಷನ್ನಿಗೆ ಕುಂಕುಮ ಇಟ್ಟಿದ್ದಾರೆ. ಗಾಡಿಯ ಮುಖ ಯಾವುದು, ಹಣೆ ಯಾವುದು ಎಂದು ನೋಡಿ, ನೆಟ್ಟಗೆ ಕಣ್ಣಿನ ಗಾಜಿಗೇ ಇಟ್ಟಿದ್ದಾರೆ. ಆ ಎಗರಾಟವೂ ಗಾಲಿಯ ಕೆಳಗಿನ ನಿಂಬೆಹಣ್ಣಿನದು!

ನನಗೆ ನಗು ತಡೆಯಲಾಗಲಿಲ್ಲ. ದೆಹಲಿಯವರ ಮುಂದೆ, ಪರೀಕ್ಷೆಯ ನಡುವೆ, ಸೆರಗು ಬಾಯಿಗೆ ತುರುಕಿಕೊಂಡು ಮೈಯೆಲ್ಲ ಕುಲುಕುವಂತೆ ನಕ್ಕೆ. ಅಳುತ್ತಿದ್ದೇನೆಂದು ಮುಖ್ಯಸ್ಥರು ಗಾಬರಿಯಾದರು. ಒರೆಸಿ ಎಂದು ಕೂಗುವ ಹಾಗಿಲ್ಲ, ನಿಯಮ. ಆದರೆ ಒರೆಸುವುದೇಕೆ? ಬೊಟ್ಟು ಗಾಡಿಯ ಜೊತೆಗೇ ತಿರುಗುತ್ತದೆ, ಗಾಡಿಯ ಮೂತಿ ಎತ್ತ ಇದೆಯೋ ಬೊಟ್ಟೂ ಅತ್ತಲೇ. ಇಷ್ಟು ದಿನ ನನಗೆ ಗೊತ್ತಾಗದೆ ಇದ್ದದ್ದೇ ಅದು, ಈ ಮಸುಕು ಚಿತ್ರದಲ್ಲಿ ಗಾಡಿಯ ನೇರ ಯಾವುದೆಂದು.

ನಿಧಾನವಾಗಿ ಗಾಡಿ ತಿರುಗಿಸಿದೆ. ಬಿಳಿ ಕಲ್ಲು ಅಂಚಿನಲ್ಲಿ ಕಾಣಿಸಿತು. ಒತ್ತು, ಕೂರು, ನೋಡು. ಬಿಳಿ ಕಲ್ಲಿನ ಹಣೆಗೆ ಬೊಟ್ಟು ಬಂದು ಕೂತಿತು. ಮುಂದಕ್ಕೆ. ಬೊಟ್ಟು ಜಾರಿದರೆ ಒಂದಿಷ್ಟು ತಿರುಗಿಸುವುದು, ಕೂತರೆ ಮುಂದೆ ಹೋಗುವುದು. ಅಷ್ಟು ನೇರವಾಗಿ ಆ ಗಾಡಿಯನ್ನು ಯಾರೂ ಓಡಿಸಿರಲಿಲ್ಲ. ಬೊಟ್ಟಿನ ಸುತ್ತ ಬಿಳಿ ಕಲ್ಲು ಅರಳುತ್ತಾ ಅರಳುತ್ತಾ ಟಿ.ವಿ.ಯೆಲ್ಲ ತುಂಬಿ, ಢಣ್ ಎಂದು ಹೊರಗಿನಿಂದ ತಗಡಿನ ಸದ್ದು ಕೇಳಿತು.

ಹೊರಗೆ ಓಡಿದೆ. ಮುಖ್ಯಸ್ಥರು ನನಗಿಂತ ಮೊದಲೇ ಓಡಿಹೋಗಿ ಗಾಡಿಯ ಪಕ್ಕ ಬಗ್ಗಿ ಗಾಜು ನೋಡುತ್ತಿದ್ದರು.

"ಯಾರಿಟ್ಟಿದ್ದು ಇದು?"

ಕೇಬಲ್ಲಿನ ಸಹೋದ್ಯೋಗಿ ಆಕಾಶ ನೋಡಿದ. ಪೂಜೆಯಲ್ಲಿ ಅವನೂ ಮಂಗಳಾರತಿ ತೆಗೆದುಕೊಂಡಿದ್ದ.

"ನಾನೇ ಸ್ವಾಮಿ," ಎಂದರು ಅಪ್ಪ, ಮಗ್ಗದ ಗದ್ದಲದ ದನಿಯಲ್ಲೇ. "ಬರೀ ಹಣೇಲಿ ಕಳಿಸಬಾರ್ದು ಅಂತ. ಆಮೇಲೆ ನೋಡಿ, ಹೊರಟಿದ್ದೇ ತಡ ತಾನಾಗೇ ಪ್ರದಕ್ಷಿಣೆ ಹಾಕ್ತು! ಎಷ್ಟು ಭಕ್ತಿ ಅದಕ್ಕೆ!"

ಮುಖ್ಯಸ್ಥರು ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕೆರೆ ಅಂಗಳದ ಮಣ್ಣಿನಲ್ಲೇ ಕುಕ್ಕರಗಾಲಲ್ಲಿ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಗಾಜು ಒರೆಸಲು ಬಟ್ಟೆ ಹಿಡಿದು ಬಂದ ಸಹೋದ್ಯೋಗಿಯನ್ನು ಕೈಯೆತ್ತಿ ತಡೆದರು.

"ಒರೆಸ್ಬೇಡಪ್ಪ. ಕುರ್ಚಿ ಆ ಹುಡುಗೀದು, ಬೊಟ್ಟೂ ಅವಳದೇ."

ಸಂಜೆ ಅಪ್ಪನೂ ನಾನೂ ಒಂದೇ ಸೀಟಿನಲ್ಲಿ ಕೂತು ಬಸ್ಸಿನಲ್ಲಿ ಊರಿಗೆ ಹೊರಟೆವು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಪ್ಪ ತಮ್ಮ ಕೈಲಾದಷ್ಟು ಮೆಲ್ಲಗೆ ಕೇಳಿದರು.

"ಅಲ್ಲಮ್ಮಾ, ನಾನು ಏರಿ ಮೇಲೇ ನಿಂತಿದ್ದೆ. ಆ ಟಿ.ವಿ. ಡಬ್ಬೀಲಿ ನಾನೇನಾದ್ರೂ ನಿಂಗೆ ಕಾಣಿಸಿದ್ನಾ?"

ಅವರ ಬಲಗೈ ಬೆರಳ ತುದಿ ಇನ್ನೂ ಕೆಂಪಗಿತ್ತು.

"ಕಾಣ್ಸೋದೇನಪ್ಪಾ, ಮೊದಲಿನಿಂದ ಕೊನೇವರ್ಗೂ ನೀನೇ ಎದುರಿಗಿದ್ದೆ," ಎಂದೆ.

ಅಪ್ಪ ಅದನ್ನು ನಂಬಿ, ಮುಂದಿನ ಸೀಟಿನವರ ಭುಜ ತಟ್ಟಿ, ಬಸ್ಸಿಗೆಲ್ಲ ಕೇಳುವಂತೆ ಹೇಳಿದರು.