ಆಯುಧಪೂಜೆಯ ದಿನ ಬಿಗಿಯದೆ ಬಿಟ್ಟ ನಟ್ಟು

ಆ ಕೆಂಪು ಕಾರಿನ ಇಂಜಿನ್ ಹಾಳಾದದ್ದು ನಿಮ್ಮ ಕೈತಪ್ಪಿನಿಂದಲ್ಲ, ನಂಜುಂಡಣ್ಣ. ನನ್ನಿಂದ. ಹಾಳಾದ ದಿನವೇ ನನಗದು ಗೊತ್ತಿತ್ತು. ಆರು ವರ್ಷ ಬಾಯಿ ಬಿಡಲಿಲ್ಲ.

ನಾಯಂಡಹಳ್ಳಿಯ ನಮ್ಮ ಗ್ಯಾರೇಜಿನ ಆ ಬೆಳಗು ಈಗಲೂ ಕಣ್ಣ ಮುಂದೆ ತೇಲುತ್ತದೆ. ಷಟರಿಗೆ ಕಟ್ಟಿದ ಬಾಳೆಕಂದು, ಸಾಂಬ್ರಾಣಿ ಹೊಗೆ, ಅದರೊಳಗೆ ಬೆರೆತ ಪೆಟ್ರೋಲ್ ವಾಸನೆ... ಹೊಗೆಯ ನಡುವೆ ಬಿಳಿ ಪಂಚೆ ಉಟ್ಟು ನೀವು ಓಡಾಡುತ್ತಿದ್ದಿರಿ — ಕಾಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ ಎನ್ನುವಷ್ಟು ಹಗುರಾಗಿ. ಆ ಹೊಗೆ ಕಂಡಾಗಲೆಲ್ಲ ನೆನಪು ಅಲ್ಲೇ ನಿಂತುಬಿಡಲಿ ಅನ್ನಿಸುತ್ತದೆ, ಮುಂದಿನದು ನಡೆಯದಿರಲಿ ಅನ್ನಿಸುತ್ತದೆ.

ಮಹಾಲಕ್ಷ್ಮಿ ಲೇಔಟಿನ ಪ್ರದೀಪ ತನ್ನ ಹಳೆಯ ಕೆಂಪು ಕಾರಿಗೆ ಟರ್ಬೊ ಹಾಕಿಸಿದ್ದ. ಹೊಸ ಪಿಸ್ಟನ್ ಕೂರಿಸಿ ಇಂಜಿನ್ ಕಟ್ಟಿದವರು ನೀವು. ಪೆಟ್ರೋಲಿನ ಪ್ರೆಷರ್ ಹೊಂದಿಸುವುದು ನನ್ನ ಕೆಲಸ. ಟರ್ಬೊ ಇಂಜಿನ್ನಿಗೆ ಗಾಳಿ ತುಂಬಿದಷ್ಟೂ ಪೆಟ್ರೋಲೂ ಬೇಕು. ಪ್ರೆಷರ್ ಇಳಿದರೆ ಪಿಸ್ಟನ್ ಕಾದು ಕರಗುತ್ತದೆ. ನಾನು ಆ ಪ್ರೆಷರ್ ಹಿಡಿದಿಡುವ ರೆಗ್ಯುಲೇಟರಿನ ಗಾಳಿಪೈಪು ಕಿತ್ತು, ಅದರ ಬಾಯಿ ಮುಚ್ಚಿ, ಗೇಜ್ ನೋಡುತ್ತಾ ಸ್ಕ್ರೂ ತಿರುಗಿಸಿದೆ. ಮುಳ್ಳು ಇರಬೇಕಾದ ನಲವತ್ಮೂರಕ್ಕೆ ಬಂದು ನಿಂತಿತು. ಪೈಪನ್ನು ಮತ್ತೆ ಸಿಕ್ಕಿಸಿದೆ. ಇನ್ನುಳಿದದ್ದು, ಆ ಸ್ಕ್ರೂ ಅಲುಗದಂತೆ ಹಿಡಿಯುವ ನಟ್ಟನ್ನು ಸ್ಪ್ಯಾನರಿನಿಂದ ಬಿಗಿಯುವುದು. ಅಷ್ಟೇ.

ಅಷ್ಟರಲ್ಲಿ ನೀವು ಕೈ ಚಾಚಿದಿರಿ.

"ಮುಗೀತೇನೋ? ಸ್ಪ್ಯಾನರ್ ಕೊಡು, ಪೂಜೆಗೆ ಇಡ್ತೀನಿ."

ಪೂಜೆಗಿಟ್ಟ ಸಾಮಾನನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟಕೂಡದು — ಅದು ನಿಮ್ಮ ಕಟ್ಟುನಿಟ್ಟು. ನಾನೋ, ಪೂಜೆಗೆ ಮುಂಚೆ ಮುಗಿಸದಿದ್ದರೆ ನನ್ನ ಹೆಸರೇ ಬದಲಾಯಿಸಿ ಎಂದು ಬೆಳಿಗ್ಗೆಯಿಂದ ಜಂಬ ಕೊಚ್ಚಿದ್ದೆ. ಪ್ರದೀಪ ಹೊಸ ಅಂಗಿ ತೊಟ್ಟು ಪಕ್ಕದಲ್ಲೇ ನಿಂತಿದ್ದ. ಒಂದು ನಿಮಿಷ ಅಣ್ಣ ಎಂದಿದ್ದರೆ ಸಾಕಿತ್ತು — ನೀವು ನಗುತ್ತಾ ಕಾಯುತ್ತಿದ್ದಿರಿ.

"ಮುಗೀತಣ್ಣ," ಎಂದೆ. ಸ್ಪ್ಯಾನರ್ ಕೊಟ್ಟೆ. ನಟ್ಟನ್ನು ಬೆರಳಲ್ಲೇ ತಿರುಗಿಸಿ ಬಾನೆಟ್ ಮುಚ್ಚಿದೆ. ನಾಳೆ ಕರೆಸಿ ಬಿಗಿದರಾಯಿತು ಅಂದುಕೊಂಡೆ. ಮರೆತೆ.

ಹತ್ತು ದಿನಕ್ಕೆ ಆ ಕಾರು ಕೆಂಗೇರಿಯ ಆಚೆ ಹೊಗೆಯುಗುಳಿ ನಿಂತುಹೋಯಿತು. ಎಳೆದು ತಂದರು. ನೀವು ಒಳಗೆ ಸಾಮಾನು ತರಲು ಹೋದಾಗ ನಾನು ಕೀ ತಿರುಗಿಸಿ, ಪಂಪ್ ಓಡಿಸಿ ಗೇಜ್ ನೋಡಿದೆ. ಮೂವತ್ತೂ ಇರಲಿಲ್ಲ. ನಟ್ಟು ಸಡಿಲವಾಗಿ, ಸ್ಕ್ರೂ ಅದುರಿ ಅದುರಿ ಹಿಂದೆ ಸರಿದಿತ್ತು. ತಪ್ಪು ನನ್ನದೇ ಎಂದು ತಿಳಿಯಿತು. ಆದರೆ ಕೈ — ಈ ಕೈ ಒಂದಿಷ್ಟೂ ನಡುಗಲಿಲ್ಲ, ಅದೇ ನನಗೆ ಇಂದಿಗೂ ಹೇಸಿಗೆ. ನಲವತ್ಮೂರಕ್ಕೆ ಏರಿಸಿ ನಟ್ಟು ಬಿಗಿದೆ.

ಇಂಜಿನ್ ಬಿಚ್ಚಿದಿರಿ. ಮೂರನೆಯ ಪಿಸ್ಟನ್ ಅಂಚು ಮುರಿದು ತೂತಾಗಿತ್ತು. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಿರಿ.

"ಪ್ರೆಷರ್ ನೋಡಿದ್ಯಾ?"

"ನೋಡ್ದೆ ಅಣ್ಣ. ಕರೆಕ್ಟಾಗಿದೆ."

"ಹಂಗಾದ್ರೆ ನಂದೇ ಕಣೋ. ರಿಂಗಿಗೆ ಸಂದು ಕಮ್ಮಿ ಬಿಟ್ಟಿದೀನಿ ಅನ್ಸುತ್ತೆ. ಕಣ್ಣು ಮೋಸ ಮಾಡ್ತಿದೆ."

ಪಿಸ್ಟನ್ ಸುತ್ತ ರಿಂಗ್ ಕೂರಿಸುವಾಗ ಬಿಡುವ ಆ ಕೂದಲೆಳೆಯಷ್ಟು ಸಂದನ್ನು ನೀವು ಮೂರು ಮೂರು ಸಲ ಅಳೆದದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಆದರೂ ತಲೆ ಆಡಿಸಿದೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ನೀವು ಉಂಡಿರಿ.

ಪ್ರದೀಪನ ಕೈ ಹಿಡಿದು ತಪ್ಪಾಯಿತು ಎಂದಿರಿ. ಆಮೇಲೆ ಒಂದು ಇಂಜಿನ್ನನ್ನೂ ನೀವು ಕಟ್ಟಲಿಲ್ಲ. ಬಂದವರಿಗೆಲ್ಲ ನನ್ನನ್ನೇ ತೋರಿಸಿದಿರಿ — "ಇವನ ಹತ್ರ ಮಾಡಿಸ್ಕೊಳಿ, ಹುಷಾರಿದಾನೆ." ಆ ಮಾತಿನ ಮೇಲೆಯೇ ನನ್ನ ಹೆಸರು ನಿಂತಿದೆ.

ಹೋದ ತಿಂಗಳು ಹೊಸಹಳ್ಳಿಯ ನಿಮ್ಮ ಮನೆಗೆ ಬಂದಾಗ ಅಕ್ಕ ಕಾಫಿ ಕೊಡುತ್ತಾ ನಗಾಡಿದರು: "ನಿಮ್ಮಣ್ಣ ಮಿಕ್ಸಿ ಕೆಟ್ರೂ ಮುಟ್ಟಲ್ಲಪ್ಪ. ಬೀದಿ ಕೊನೆ ಅಂಗಡಿಗೆ ಹೊತ್ಕೊಂಡು ಹೋಗ್ತಾರೆ." ನೀವೂ ನಕ್ಕಿರಿ. ನಗುತ್ತಲೇ ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡಿದಿರಿ — ಬೇರೆ ಯಾರದೋ ಕೈ ಎನ್ನುವಂತೆ. ನಾನು ಕಾಫಿ ಲೋಟ ಕೆಳಗಿಟ್ಟೆ. ಆಗಲೂ ಹೇಳಲಿಲ್ಲ. ಎದ್ದು ಬಂದೆ.

ಪ್ರದೀಪನಿಗೆ ನಿನ್ನೆ ಹೇಳಿದೆ. ಅವನು ಒಂದೇ ಮಾತು ಕೇಳಿದ: "ನಂಜುಂಡಣ್ಣಂಗೆ ಹೇಳಿದ್ರಾ?" ಅದಕ್ಕೇ ಇದನ್ನು ಬರೆದಿದ್ದೇನೆ. ಭಾನುವಾರ ಬೆಳಿಗ್ಗೆ ಬಂದು, ಅಕ್ಕನ ಎದುರಿಗೇ, ನಾನೇ ಓದಿ ಹೇಳುತ್ತೇನೆ. ಅಂಚೆಗೆ ಹಾಕಿ ಮುಖ ಮರೆಸಿಕೊಳ್ಳುವುದಿಲ್ಲ. ನೀವು ಬಾಗಿಲು ತೋರಿಸಿದರೆ ಹೋಗುತ್ತೇನೆ. ನಿಮ್ಮ ಅಳತೆ ಸರಿಯಾಗಿತ್ತು, ಅಣ್ಣ. ಅಂದೂ ಸರಿಯಾಗಿತ್ತು, ಆಮೇಲೆ ನೀವು ಕಟ್ಟದೆ ಬಿಟ್ಟ ಇಂಜಿನ್ನುಗಳಲ್ಲೂ ಸರಿಯಾಗಿಯೇ ಇರುತ್ತಿತ್ತು.